ತಾತನ ಎದೆಯ ಮೇಲೊಂದು ಚಿಟ್ಟೆ

ಬೆಳಗಿನ ಏಳು ಗಂಟೆಯ ಹೊತ್ತು. ಕುಂಡದಲ್ಲಿದ್ದ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದೆ. ಇದ್ದಕ್ಕಿದ್ದಂತೆ ಎದೆಯೊಳಗೆ ಏನೋ ಪಟಪಟ ಎಂದಿತು. ಚಿಕ್ಕಂದಿನಲ್ಲಿ ನಾವು ಬೆಂಕಿಪೊಟ್ಟಣದಲ್ಲಿ ಜೀರುಂಡೆ ಹಿಡಿದಿಟ್ಟರೆ ಅದು ಹೇಗೆ ಒದ್ದಾಡುತ್ತಿತ್ತೋ ಹಾಗೆ. ಚೊಂಬು ಕೆಳಗಿಟ್ಟು ಮೆಟ್ಟಿಲ ಮೇಲೆ ಕುಳಿತೆ. ಅರ್ಧ ನಿಮಿಷದಲ್ಲಿ ಎಲ್ಲ ತಣ್ಣಗಾಯಿತು.

ಒಳಗೆ ಹೋದಾಗ ಹೆಂಡತಿ, “ಯಾಕೆ, ಮುಖ ಸಪ್ಪಗಿದೆ?” ಎಂದಳು. “ಏನಿಲ್ಲ, ವಾಯು” ಎಂದೆ. ಅವಳು ಇಂಗು ಹಾಕಿದ ಮಜ್ಜಿಗೆ ಕೊಟ್ಟಳು, ಕುಡಿದೆ. ಎರಡು ತಿಂಗಳು ಹೀಗೇ ನಡೆಯಿತು. ಎದೆ ಪಟಪಟ ಎನ್ನುವುದು, ನಾನು ವಾಯು ಎನ್ನುವುದು, ಅವಳು ಮಜ್ಜಿಗೆ ಕೊಡುವುದು.

ನನಗೀಗ 74 ವರ್ಷ. ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನದ ಮೇಷ್ಟ್ರಾಗಿದ್ದೆ. ನಿವೃತ್ತಿಯ ನಂತರ ಮಗಳು ನಮ್ಮಿಬ್ಬರನ್ನೂ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡಳು. ಎಂಟು ವರ್ಷದಿಂದ ಫ್ರೀಮಾಂಟ್ ಎಂಬ ಊರಿನಲ್ಲಿ ಅವಳ ಮನೆಯಲ್ಲಿದ್ದೇವೆ. ಮೊಮ್ಮಗಳು ಪುಟ್ಟಿಗೆ ಹತ್ತು ವರ್ಷ. ಅವಳೇ ನನ್ನ ಗುಟ್ಟನ್ನು ಬಯಲು ಮಾಡಿದ್ದು.

ಶಾಲೆಯಲ್ಲಿ ಅವಳಿಗೊಂದು ಮನೆಕೆಲಸ ಕೊಟ್ಟಿದ್ದರು. ಮನೆಯವರೆಲ್ಲರ ನಾಡಿ ಎಣಿಸಿ ಪಟ್ಟಿ ಮಾಡಬೇಕು. ಅಪ್ಪನದು 68, ಅಮ್ಮನದು 74, ಅಜ್ಜಿಯದು 78. ನನ್ನ ಮಣಿಕಟ್ಟು ಹಿಡಿದವಳು ಎಣಿಸುತ್ತಾ ಎಣಿಸುತ್ತಾ ನಿಂತಳು. ಮತ್ತೆ ಮೊದಲಿಂದ ಶುರು ಮಾಡಿದಳು. ಮತ್ತೆ ನಿಂತಳು. ಆಮೇಲೆ ಜೋರಾಗಿ, “ತಾತಾ, ನಿಮ್ಮದು ತಾಳ ತಪ್ಪುತ್ತೆ!” ಎಂದುಬಿಟ್ಟಳು.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಮಗಳು ಓಡಿ ಬಂದಳು. ಇನ್ನು ವಾಯುವಿನ ಮಾತು ನಡೆಯುವಂತಿರಲಿಲ್ಲ.

ಹತ್ತು ಸೆಕೆಂಡಿನ ಪರೀಕ್ಷೆ

ಮರುದಿನವೇ ವೈದ್ಯರ ಬಳಿ ಹೋದೆವು. ಪುಟ್ಟಿಯೂ ಬಂದಿದ್ದಳು. ಎದೆಗೆ, ಕೈಕಾಲಿಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ಕಾಗದದ ಮೇಲೆ ಬೆಟ್ಟ ಕಣಿವೆಗಳ ಸಾಲು ಮೂಡಿತು. ವೈದ್ಯರು ನೋಡಿ, “ಇದರಲ್ಲಿ ಯಾವ ದೋಷವೂ ಇಲ್ಲ” ಎಂದರು.

ನನಗೆ ಒಳಗೊಳಗೇ ಖುಷಿ. ಹೆಂಡತಿಯ ಕಡೆ ನೋಡಿದೆ. ಆದರೆ ವೈದ್ಯರು ಅಲ್ಲಿಗೇ ಬಿಡಲಿಲ್ಲ. “ಈ ಪರೀಕ್ಷೆ ನಿಮ್ಮ ಹೃದಯವನ್ನು ನೋಡಿದ್ದು ಬರೀ ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿನಲ್ಲಿ ಅದು ಸರಿಯಾಗಿತ್ತು, ಅಷ್ಟೇ” ಎಂದರು.

ಆಗ ನನಗೆ ನೆನಪಾದದ್ದು ನಮ್ಮ ಶಾಲೆಗೆ ಇನ್ಸ್‌ಪೆಕ್ಟರ್ ಬರುತ್ತಿದ್ದ ದಿನಗಳು. ಅವರು ಬಾಗಿಲಲ್ಲಿ ಕಾಣಿಸಿದ ಕ್ಷಣ ಇಡೀ ತರಗತಿ ಕೈಕಟ್ಟಿ ಕೂರುತ್ತಿತ್ತು. ಕೊನೆಯ ಬೆಂಚಿನ ಮಹಾ ತುಂಟನೂ ಸಾಧುವಾಗುತ್ತಿದ್ದ. ಅವರು ಗೇಟು ದಾಟಿದ ಮೇಲೆ ಏನಾಗುತ್ತಿತ್ತು ಎಂಬುದು ನಮಗೆ ಮಾತ್ರ ಗೊತ್ತು. ನನ್ನ ಹೃದಯವೂ ಹಾಗೆಯೇ ಮಾಡಿತ್ತು.

ಮನೆಗೆ ಬಂದ ಮೇಲೆ ಪುಟ್ಟಿ ಲೆಕ್ಕ ಹಾಕಿದಳು. ನಿಮಿಷಕ್ಕೆ 70 ಬಡಿತ ಎಂದುಕೊಂಡರೆ ಗಂಟೆಗೆ 4,200. ದಿನಕ್ಕೆ 1,00,800. ಹತ್ತು ಸೆಕೆಂಡಿನಲ್ಲಿ ಸುಮಾರು ಹನ್ನೆರಡು. “ಒಂದು ಲಕ್ಷದಲ್ಲಿ ಹನ್ನೆರಡು ನೋಡಿ ಪಾಸ್ ಮಾಡಿದ್ರಾ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಈ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಹಳೆಯ ಕತೆಯಿದೆ. ಅದನ್ನು ಆ ರಾತ್ರಿ ಅವಳಿಗೆ ಹೇಳಿದೆ, ನಿಮಗೂ ಹೇಳುತ್ತೇನೆ.

ಉಪ್ಪುನೀರಿನಲ್ಲಿ ನಿಂತ ಜಿಮ್ಮಿ

ಮಕ್ಕಳೇ, ನಮ್ಮ ಹೃದಯ ಒಂದು ಪಂಪು. ಆ ಪಂಪಿಗೆ ಕರೆಂಟು ಬೇಕಲ್ಲ? ಅದನ್ನು ಹೃದಯವೇ ತಯಾರಿಸಿಕೊಳ್ಳುತ್ತದೆ. ಹೃದಯದ ಮೇಲಿನ ಬಲಕೋಣೆಯಲ್ಲಿ ಜೀವಕೋಶಗಳ ಒಂದು ಪುಟ್ಟ ಗುಂಪಿದೆ. ಅದು ಮೇಳದ ತಾಳಗಾರನಿದ್ದಂತೆ. ಅದು ಕೊಡುವ ಸಣ್ಣ ವಿದ್ಯುತ್ ಸಂಕೇತ ಮೊದಲು ಮೇಲಿನ ಎರಡು ಕೋಣೆಗಳಿಗೆ, ಆಮೇಲೆ ಕೆಳಗಿನ ಎರಡು ಕೋಣೆಗಳಿಗೆ ಹರಿಯುತ್ತದೆ. ಕೋಣೆಗಳು ಅದೇ ಕ್ರಮದಲ್ಲಿ ಹಿಂಡಿಕೊಳ್ಳುತ್ತವೆ. ಲಬ್ ಡಬ್ ಎಂಬ ಸದ್ದು ಕೇಳುತ್ತದೆ.

ಈ ವಿದ್ಯುತ್ತಿನ ಒಂದು ಚೂರು ಚರ್ಮದವರೆಗೂ ಬರುತ್ತದೆ. 1887ರಲ್ಲಿ ಲಂಡನ್ನಿನ ವಿಜ್ಞಾನಿ ಅಗಸ್ಟಸ್ ವಾಲರ್ ಮನುಷ್ಯನ ಹೃದಯದ ವಿದ್ಯುತ್ತನ್ನು ಮೈಯ ಹೊರಗಿನಿಂದಲೇ ದಾಖಲಿಸಿ ತೋರಿಸಿದರು. ಅವರ ಬಳಿ ಜಿಮ್ಮಿ ಎಂಬ ಬುಲ್‌ಡಾಗ್ ಇತ್ತು. ಉಪ್ಪುನೀರಿನ ಪಾತ್ರೆಗಳಲ್ಲಿ ಕಾಲಿಟ್ಟು ಜಿಮ್ಮಿ ಸುಮ್ಮನೆ ನಿಲ್ಲುತ್ತಿತ್ತು, ಅದರ ಹೃದಯದ ಮಿಡಿತ ಯಂತ್ರದಲ್ಲಿ ಕಾಣುತ್ತಿತ್ತು. 1909ರಲ್ಲಿ ಇದು ಪ್ರಾಣಿಹಿಂಸೆಯಲ್ಲವೇ ಎಂದು ಬ್ರಿಟನ್ನಿನ ಸಂಸತ್ತಿನಲ್ಲೇ ಪ್ರಶ್ನೆ ಎದ್ದಿತು. ಸಮುದ್ರದ ನೀರಿನಲ್ಲಿ ಕಾಲಾಡಿಸಿದವರಿಗೆ ಏನನ್ನಿಸುತ್ತದೋ ನಾಯಿಗೂ ಅಷ್ಟೇ ಅನ್ನಿಸುತ್ತದೆ ಎಂಬ ಅರ್ಥದಲ್ಲಿ ಸಚಿವರು ಉತ್ತರ ಕೊಟ್ಟರು. ಪುಟ್ಟಿಗೆ ಇಡೀ ಕತೆಯಲ್ಲಿ ತುಂಬ ಹಿಡಿಸಿದ ಪಾತ್ರ ಜಿಮ್ಮಿಯೇ.

ವಾಲರ್ ಅವರ ಯಂತ್ರದಲ್ಲಿ ಗೆರೆಗಳು ಸ್ಪಷ್ಟವಾಗಿರಲಿಲ್ಲ. ನೆದರ್‌ಲ್ಯಾಂಡ್ಸ್ ದೇಶದ ಲೈಡನ್ ನಗರದಲ್ಲಿ ವಿಲ್ಲೆಮ್ ಐಂಥೋವನ್ ಎಂಬ ವೈದ್ಯ ವಿಜ್ಞಾನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಸರಿಪಡಿಸಿದರು. ಅವರ ಯಂತ್ರದ ತೂಕ ಸುಮಾರು 270 ಕಿಲೋ! ನಡೆಸಲು ಐದು ಜನ ಬೇಕಿತ್ತು. ಪರೀಕ್ಷೆಗೆ ಬಂದವರು ಎರಡು ಕೈ ಮತ್ತು ಒಂದು ಕಾಲನ್ನು ಉಪ್ಪುನೀರಿನ ತೊಟ್ಟಿಗಳಲ್ಲಿಟ್ಟು ಅಲುಗಾಡದೆ ಕೂರಬೇಕಿತ್ತು. ಇಸಿಜಿಯ ಬೆಟ್ಟ ಕಣಿವೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರಿಟ್ಟವರೂ ಐಂಥೋವನ್ ಅವರೇ. 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಆದರೆ ಒಂದು ಕೊರತೆ ಉಳಿಯಿತು. ಯಂತ್ರದ ಮುಂದೆ ಮನುಷ್ಯ ಅಲುಗಾಡದೆ ಕೂತಾಗ ಮಾತ್ರ ಅವನ ಹೃದಯ ಕಾಣುತ್ತಿತ್ತು. ಅವನು ನಡೆದಾಗ, ಉಂಡಾಗ, ಜಗಳವಾಡಿದಾಗ, ಮಲಗಿದಾಗ ಅದು ಏನು ಮಾಡುತ್ತದೆ?

ಬೆನ್ನ ಮೇಲೆ 38 ಕಿಲೋ

ಈ ಪ್ರಶ್ನೆ ಕೇಳಿದವರು ವೈದ್ಯರಲ್ಲ, ನಾರ್ಮನ್ ಜೆಫ್ ಹೋಲ್ಟರ್ ಎಂಬ ಭೌತವಿಜ್ಞಾನಿ. ಅಮೆರಿಕದ ಮೊಂಟಾನಾ ರಾಜ್ಯದ ಹೆಲೆನಾ ಎಂಬ ಚಿಕ್ಕ ಊರಿನವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಗಾಗಿ ಸಮುದ್ರದ ಅಲೆಗಳನ್ನು ಅಧ್ಯಯನ ಮಾಡಿದವರು. ಯುದ್ಧ ಮುಗಿದ ಮೇಲೆ ಹೃದಯದ ಅಲೆಗಳ ಕಡೆ ತಿರುಗಿದರು.

1947ರಲ್ಲಿ ಅವರು ಬೆನ್ನಿಗೆ ಕಟ್ಟಿಕೊಳ್ಳುವ ಒಂದು ಯಂತ್ರ ತಯಾರಿಸಿದರು. ಅದು ಹೃದಯದ ಸಂಕೇತವನ್ನು ರೇಡಿಯೊ ಮೂಲಕ ಕಳುಹಿಸುತ್ತಿತ್ತು. ತೂಕ ಸುಮಾರು 38 ಕಿಲೋ. ಹೋಲ್ಟರ್ ಅದನ್ನು ತಾವೇ ಬೆನ್ನಿಗೆ ಹೊತ್ತುಕೊಂಡು ಸೈಕಲ್ ತುಳಿದು ಪರೀಕ್ಷಿಸಿದರು. ಮುಂದೆ ಟ್ರಾನ್ಸಿಸ್ಟರ್ ಬಂತು, ಚಿಕ್ಕ ಟೇಪ್ ರೆಕಾರ್ಡರ್ ಬಂತು. ಹೆಲೆನಾದ ಹಳೆಯ ರೈಲು ನಿಲ್ದಾಣದ ಕಟ್ಟಡದಲ್ಲಿದ್ದ ಪ್ರಯೋಗಾಲಯದಲ್ಲಿ ಯಂತ್ರ ವರ್ಷ ವರ್ಷಕ್ಕೂ ಕುಗ್ಗುತ್ತಾ ಹೋಯಿತು. 1961ರಲ್ಲಿ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು.

ಅದನ್ನು ಆಸ್ಪತ್ರೆಗಳಿಗೆ ತಲುಪಿಸಿದ್ದು ಲಾಸ್ ಏಂಜಲೀಸ್‌ನ ಡೆಲ್ ಮಾರ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಎಂಬ ಕಂಪನಿ. ವಿಮಾನಗಳು ಎಳೆದುಕೊಂಡು ಹೋಗುವ, ಗುಂಡು ಹಾರಿಸುವ ಅಭ್ಯಾಸಕ್ಕೆ ಬೇಕಾದ ಗುರಿಗಳನ್ನು ತಯಾರಿಸುತ್ತಿದ್ದ ಕಂಪನಿ ಅದು! ಟೇಪನ್ನು ಅನೇಕ ಪಟ್ಟು ವೇಗವಾಗಿ ಓಡಿಸಿ, ಬಡಿತಗಳನ್ನು ತೆರೆಯ ಮೇಲೆ ನೋಡುವುದಷ್ಟೇ ಅಲ್ಲ, ಗುಂಯ್ ಎನ್ನುವ ಸದ್ದಾಗಿ ಕೇಳಿಸಿಕೊಳ್ಳುವ ವ್ಯವಸ್ಥೆಯೂ ಇತ್ತು. ತಾಳ ತಪ್ಪಿದರೆ ಸದ್ದು ಬದಲಾಗುತ್ತಿತ್ತು. ಇವತ್ತಿಗೂ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ‘ಹೋಲ್ಟರ್ ಹಾಕಿಸಿಕೊಂಡು ಬನ್ನಿ’ ಎನ್ನುತ್ತಾರಲ್ಲ, ಅದು ಇವರ ಹೆಸರೇ. ಎದೆಗೆ ತಂತಿಗಳು, ಸೊಂಟಕ್ಕೊಂದು ಪೆಟ್ಟಿಗೆ. ಸಾಮಾನ್ಯವಾಗಿ ಒಂದು ದಿನ, ಕೆಲವೊಮ್ಮೆ ಎರಡು ದಿನ.

ಹತ್ತು ಸೆಕೆಂಡಿಗಿಂತ ಒಂದು ದಿನ ಎಷ್ಟೋ ಮೇಲು. ಆದರೆ ನನ್ನ ಜೀರುಂಡೆ ವಾರಕ್ಕೊಮ್ಮೆ ಮಾತ್ರ ಒದ್ದಾಡಿದರೆ?

ತಂತಿಯಿಲ್ಲದ ಪಟ್ಟಿ

ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವಿದೆ. ಅಲ್ಲಿ ಐರಿದಮ್ ಎಂಬ ಕಂಪನಿ ಇದೆ. 2006ರಲ್ಲಿ ಇದನ್ನು ಸ್ಥಾಪಿಸಿದವರು ಉದಯ್ ಕುಮಾರ್ ಎಂಬ ಹೃದ್ರೋಗ ತಜ್ಞರು. ಹೃದಯದ ತಾಳದ ದೋಷಗಳೇ ಅವರ ವಿಶೇಷ ವಿಷಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಯೋಡಿಸೈನ್ ಎಂಬ ತರಬೇತಿ ಇದೆ. ಅಲ್ಲಿ ವೈದ್ಯರೂ ಎಂಜಿನಿಯರರೂ ಒಟ್ಟಿಗೆ ಕೂತು, ಮೊದಲು ರೋಗಿಗಳ ನಿಜವಾದ ತೊಂದರೆ ಯಾವುದು ಎಂದು ಹುಡುಕುತ್ತಾರೆ, ಆಮೇಲೆ ಉಪಕರಣದ ಬಗ್ಗೆ ಯೋಚಿಸುತ್ತಾರೆ. ಐರಿದಮ್ ಹುಟ್ಟಿದ್ದು ಅಲ್ಲಿಂದ.

ಅವರ ಮುಂದಿದ್ದ ತೊಂದರೆ ಸರಳವಾಗಿತ್ತು. ತಂತಿಗಳು ಕಿತ್ತು ಬರುತ್ತವೆ. ಪೆಟ್ಟಿಗೆ ಇಟ್ಟುಕೊಂಡು ಸ್ನಾನ ಮಾಡುವಂತಿಲ್ಲ, ಮಗ್ಗುಲು ತಿರುಗಿದರೆ ಚುಚ್ಚುತ್ತದೆ. ಹಾಗಾಗಿ ಜನ ಹೆಚ್ಚು ದಿನ ಧರಿಸುವುದಿಲ್ಲ. ತಂತಿಯೇ ಇಲ್ಲದೆ, ಪ್ಲಾಸ್ಟರಿನಂತೆ ಅಂಟಿಕೊಂಡು 14 ದಿನ ಇರುವಂಥದ್ದು ಬೇಕು. ಹೀಗೆ ತಯಾರಾದದ್ದೇ ‘ಝಿಯೋ’ ಪಟ್ಟಿ. 2009ರಲ್ಲಿ ಅದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ಸಿಕ್ಕಿತು.

ಹೆಸರು ಕೇಳಿದ ಕೂಡಲೇ ನನ್ನ ಹೆಂಡತಿ, “ಸಿಮ್ ಕಾರ್ಡ್‌ನವರೇ ಇದನ್ನೂ ಮಾಡ್ತಾರಾ?” ಎಂದಳು. ಅದು ಬೇರೆ, ಇದು ಬೇರೆ ಎಂದು ಮಗಳು ಬಿಡಿಸಿ ಹೇಳಬೇಕಾಯಿತು.

ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ? ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ಸಂಶೋಧಕರು 146 ರೋಗಿಗಳಿಗೆ ಹೋಲ್ಟರ್ ಪೆಟ್ಟಿಗೆಯನ್ನೂ ಈ ಪಟ್ಟಿಯನ್ನೂ ಒಟ್ಟಿಗೆ ಹಾಕಿ ಹೋಲಿಸಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಮೊದಲ 24 ಗಂಟೆಯಲ್ಲಿ ಹೋಲ್ಟರ್ ಪೆಟ್ಟಿಗೆಯೇ ಹೆಚ್ಚು ಹಿಡಿದಿತ್ತು. ಆದರೆ ಪೆಟ್ಟಿಗೆ ಒಂದೇ ದಿನಕ್ಕೆ ಕಳಚಿತು, ಪಟ್ಟಿ ಅಂಟಿಕೊಂಡೇ ಇತ್ತು. ಕೊನೆಗೆ ಎಣಿಸಿದಾಗ ಪೆಟ್ಟಿಗೆ 61 ತಾಳದೋಷಗಳನ್ನು ಹಿಡಿದಿತ್ತು, ಪಟ್ಟಿ 96. ಆಮೆ ಮೊಲದ ಕತೆ ನೆನಪಾಗುತ್ತದೆ ಅಲ್ಲವೇ? ಪಟ್ಟಿ ಗೆದ್ದದ್ದು ಜಾಣತನದಿಂದಲ್ಲ, ತಾಳ್ಮೆಯಿಂದ.

ಹದಿನಾಲ್ಕು ದಿನದ ಡೈರಿ

ನನ್ನ ಎಡ ಎದೆಯ ಮೇಲ್ಭಾಗದ ಕೂದಲು ಬೋಳಿಸಿ, ಚರ್ಮ ಒರೆಸಿ, ನರ್ಸಮ್ಮ ಪಟ್ಟಿ ಅಂಟಿಸಿದರು. ಮಧ್ಯೆ ಒಂದು ಗುಂಡಿ, ಎರಡೂ ಕಡೆ ರೆಕ್ಕೆ. ಪುಟ್ಟಿ ನೋಡಿದವಳೇ, “ತಾತನ ಎದೆ ಮೇಲೆ ಚಿಟ್ಟೆ ಕೂತಿದೆ!” ಎಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಚಿಟ್ಟೆ.

ನಿಯಮಗಳು ಕಡಿಮೆ. ಎದೆಯಲ್ಲಿ ಏನಾದರೂ ಅನ್ನಿಸಿದರೆ ಗುಂಡಿ ಒತ್ತಬೇಕು, ಸಮಯ ಮತ್ತು ಅನ್ನಿಸಿದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಸ್ನಾನ ಬೇಗ ಮುಗಿಸಬೇಕು, ನೀರು ಬೆನ್ನ ಮೇಲೆ ಬೀಳಲಿ, ಚಿಟ್ಟೆಯ ಮೇಲೆ ಬೇಡ. ತುಂಬ ಬೆವರುವ ಕೆಲಸ ಬೇಡ. ಪುಸ್ತಕದ ಜವಾಬ್ದಾರಿಯನ್ನು ಪುಟ್ಟಿ ವಹಿಸಿಕೊಂಡಳು. ಅವಳ ಕನ್ನಡ ಇನ್ನೂ ಕಲಿಕೆಯ ಹಂತದಲ್ಲಿದೆ. ಆದರೂ ಅಜ್ಜಿ ಓದಲೆಂದು ಕನ್ನಡದಲ್ಲೂ ಒಂದು ಪ್ರತಿ ಬರೆದಳು.

“ಮೂರನೇ ದಿನ, ಬೆಳಿಗ್ಗೆ ಒಂಬತ್ತು. ತಾತ ಬಗ್ಗಿ ಚಪ್ಪಲಿ ಹಾಕಿಕೊಂಡರು. ಎದೆ ಒಂದು ಸಲ ಜಿಗಿಯಿತು. ಗುಂಡಿ ಒತ್ತಿದೆವು.”

“ಐದನೇ ದಿನ, ರಾತ್ರಿ ಎಂಟು. ಕ್ರಿಕೆಟ್. ಕೊನೇ ಓವರ್. ತಾತ ಗುಂಡಿ ಒತ್ತಿದರು. ಅಪ್ಪನೂ ಒತ್ತಬೇಕು ಎಂದರು, ಅಪ್ಪನಿಗೆ ಗುಂಡಿ ಇಲ್ಲ.”

“ಎಂಟನೇ ದಿನ. ತುರಿಕೆ. ತಾತ ಕೆರೆದುಕೊಳ್ಳಲು ಹೋದರು. ಅಜ್ಜಿ ಬೈದರು.”

ಹತ್ತನೇ ದಿನದ ಹೊತ್ತಿಗೆ ತುರಿಕೆ ನಿಜಕ್ಕೂ ಜೋರಾಯಿತು. ತೆಗೆದುಬಿಡೋಣ ಎಂದು ಎರಡು ಸಲ ಯೋಚಿಸಿದೆ. ಎರಡು ದಿನದಿಂದ ಎದೆ ಸುಮ್ಮನಿತ್ತು. ಇನ್ನು ನಾಲ್ಕು ದಿನದಲ್ಲಿ ಏನು ಸಿಕ್ಕೀತು? ಪುಟ್ಟಿಗೆ ಹೇಳಿದಾಗ ಅವಳು ನನ್ನದೇ ಹಳೆಯ ಮಾತನ್ನು ನನಗೆ ಹಿಂತಿರುಗಿಸಿದಳು. “ಬೀಜ ಹಾಕಿ ನಾಲ್ಕನೇ ದಿನಕ್ಕೇ ಕೆದಕಿ ನೋಡಬಾರದು ಅಂತ ನೀವೇ ಹೇಳಿದ್ರಲ್ಲ ತಾತ?” ಮೇಷ್ಟ್ರು ಬಾಯಿ ಮುಚ್ಚಿಕೊಂಡರು. ಚಿಟ್ಟೆ ಉಳಿಯಿತು.

ಹದಿನಾಲ್ಕನೇ ದಿನ ಅದನ್ನು ಮೆಲ್ಲಗೆ ಬಿಡಿಸಿ, ಕೊಟ್ಟಿದ್ದ ಪುಟ್ಟ ಪೆಟ್ಟಿಗೆಯಲ್ಲಿಟ್ಟು, ಪುಸ್ತಕವನ್ನೂ ಸೇರಿಸಿ ಅಂಚೆಗೆ ಹಾಕಿದೆವು. ಅಂಚೆಯ ಖರ್ಚು ಕಂಪನಿಯದೇ. ಪುಟ್ಟಿ ಮತ್ತೆ ಲೆಕ್ಕ ಹಾಕಿದಳು. ಹದಿನಾಲ್ಕು ದಿನಕ್ಕೆ 14 ಲಕ್ಷಕ್ಕೂ ಹೆಚ್ಚು ಬಡಿತ. ನನ್ನ ಹದಿನಾಲ್ಕು ಲಕ್ಷ ಬಡಿತ ಅಂಚೆಪೆಟ್ಟಿಗೆಯೊಳಗೆ ಠಪ್ಪೆಂದು ಬಿತ್ತು.

ಅಷ್ಟೊಂದನ್ನು ಓದುವವರು ಯಾರು? ಮೊದಲು ಕಂಪ್ಯೂಟರು. 2019ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಐರಿದಮ್ ಸಂಶೋಧಕರು ಒಟ್ಟಾಗಿ ಒಂದು ಅಧ್ಯಯನ ಪ್ರಕಟಿಸಿದರು. 53 ಸಾವಿರಕ್ಕೂ ಹೆಚ್ಚು ರೋಗಿಗಳ 91 ಸಾವಿರಕ್ಕೂ ಹೆಚ್ಚು ದಾಖಲೆಗಳನ್ನು ತೋರಿಸಿ, ಹೃದಯದ 12 ಬಗೆಯ ತಾಳಗಳನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸಿದ್ದರು. ನಾನು ಮಗ್ಗಿ ಕಲಿಸುತ್ತಿದ್ದದ್ದೂ ಹೀಗೆಯೇ, ಮತ್ತೆ ಮತ್ತೆ, ಮತ್ತೆ ಮತ್ತೆ. ಆದರೆ ಕಂಪ್ಯೂಟರು ಹೇಳಿದ್ದೇ ಕೊನೆಯ ಮಾತಲ್ಲ. ತರಬೇತಿ ಪಡೆದ ತಂತ್ರಜ್ಞರು ಅದನ್ನು ಪರಿಶೀಲಿಸುತ್ತಾರೆ. ಆಮೇಲೆ ವರದಿ ವೈದ್ಯರಿಗೆ ಹೋಗುತ್ತದೆ. ತೀರ್ಮಾನ ಅವರದು.

“ನಿಮ್ಮ ಎದೆಯ ಗುಟ್ಟೆಲ್ಲ ಈಗ ಅವರ ಕಂಪ್ಯೂಟರಿನಲ್ಲಿ” ಎಂದಳು ಹೆಂಡತಿ. ತಮಾಷೆಗೆ ಹೇಳಿದರೂ ಮಾತಿನಲ್ಲಿ ಹುರುಳಿದೆ. ಇಂಥ ಸಾಧನ ಹಾಕಿಸಿಕೊಳ್ಳುವ ಮುನ್ನ ನಮ್ಮ ದಾಖಲೆ ಯಾರ ಬಳಿ ಇರುತ್ತದೆ, ಯಾರಿಗೆ ಕೊಡುತ್ತಾರೆ ಎಂದು ಕೇಳುವುದು ನಮ್ಮ ಹಕ್ಕು.

ಎಚ್ಚರವಿದ್ದಾಗಲ್ಲ, ನಿದ್ದೆಯಲ್ಲಿ

ವರದಿ ಬಂದ ದಿನ ವೈದ್ಯರು ನಮ್ಮನ್ನು ಕೂರಿಸಿಕೊಂಡು ಹೇಳಿದ ಸಂಗತಿಯನ್ನು ನಾನು ಮರೆಯುವುದಿಲ್ಲ.

ನಾನು ಗುಂಡಿ ಒತ್ತಿದ್ದು ಏಳು ಬಾರಿ. ಆ ಏಳೂ ಬಾರಿ ಹೃದಯದಲ್ಲಿ ಇದ್ದದ್ದು ಒಂದೆರಡು ಅವಸರದ ಬಡಿತಗಳು, ಅಷ್ಟೇ. ತಾಳಗಾರನಿಗಿಂತ ಮುಂಚೆ ಬಾರಿಸಿಬಿಡುವ ಆತುರದ ಹುಡುಗನಂತೆ. ನನ್ನ ಮಟ್ಟಿಗೆ ಅವುಗಳಿಂದ ಅಪಾಯವಿಲ್ಲ ಎಂದರು. ಪುಟ್ಟಿಯ ಬೆರಳಿಗೆ ಸಿಕ್ಕಿದ್ದೂ ಬಹುಶಃ ಅವೇ.

ನನಗೆ ನಿರಾಳವಾಯಿತು. ಆಗ ಅವರು ಪುಟ ತಿರುಗಿಸಿದರು.

ಹನ್ನೊಂದನೇ ದಿನದ ರಾತ್ರಿ, ನಾನು ಗಾಢ ನಿದ್ದೆಯಲ್ಲಿದ್ದಾಗ, ಹೃದಯ ಹಲವು ಗಂಟೆ ಪೂರ್ತಿ ತಾಳ ತಪ್ಪಿತ್ತು. ಹದಿಮೂರನೇ ರಾತ್ರಿ ಮತ್ತೊಮ್ಮೆ. ಎರಡು ಬಾರಿಯೂ ನನಗೆ ಏನೂ ಗೊತ್ತಾಗಿರಲಿಲ್ಲ. ಬೆಳಿಗ್ಗೆ ಎದ್ದು ಕಾಫಿ ಕುಡಿದಿದ್ದೆ.

ಇದರ ಹೆಸರು ಏಟ್ರಿಯಲ್ ಫಿಬ್ರಿಲೇಷನ್. ತಾಳಗಾರನ ಮಾತನ್ನು ಯಾರೂ ಕೇಳದೆ, ಮೇಲಿನ ಕೋಣೆಗಳ ತುಂಬ ಸಂಕೇತಗಳು ಅಡ್ಡಾದಿಡ್ಡಿ ಓಡಾಡುತ್ತವೆ. ಕೋಣೆಗಳು ಹಿಂಡಿಕೊಳ್ಳುವ ಬದಲು ಸುಮ್ಮನೆ ಅದುರುತ್ತವೆ. ಆಗ ರಕ್ತ ಪೂರ್ತಿ ಮುಂದೆ ಹೋಗದೆ ಮೂಲೆಯಲ್ಲಿ ನಿಲ್ಲುತ್ತದೆ. ನಿಂತ ನೀರು ಪಾಚಿಗಟ್ಟುವ ಹಾಗೆ ನಿಂತ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪಿನ ಚೂರು ಮಿದುಳಿಗೆ ಹೋಗಿ ರಕ್ತನಾಳ ಮುಚ್ಚಿದರೆ ಪಾರ್ಶ್ವವಾಯು, ನಮ್ಮ ಕಡೆ ಲಕ್ವ ಎನ್ನುತ್ತೇವಲ್ಲ, ಅದು. ಈ ದೋಷ ಇರುವವರಿಗೆ ಲಕ್ವ ಹೊಡೆಯುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು.

ನಮ್ಮ ತಂದೆಗೆ ಲಕ್ವ ಹೊಡೆದದ್ದು ಬೆಳಗಿನ ಜಾವ. ಆರು ವರ್ಷ ಮಾತಿಲ್ಲದೆ ಮಲಗಿದ್ದರು. ಅವರ ಹೃದಯದಲ್ಲಿ ಏನಿತ್ತೋ ಗೊತ್ತಿಲ್ಲ, ಯಾರೂ ನೋಡಿರಲಿಲ್ಲ. ಅವತ್ತು ಆ ಕೋಣೆಯಲ್ಲಿ ಕೂತು ನಾನು ಅವರನ್ನೇ ನೆನೆಯುತ್ತಿದ್ದೆ. ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಮಜ್ಜಿಗೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನ್ನ ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಎಲ್ಲವನ್ನೂ ಅಳೆದು ತೂಗಿ ವೈದ್ಯರು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ ಶುರು ಮಾಡಿದರು. ಆ ಮಾತ್ರೆಯಿಂದ ರಕ್ತಸ್ರಾವದ ಭಯವೂ ಇದೆ, ಹಾಗಾಗಿ ವೈದ್ಯರು ಹೇಳದೆ ಯಾರೂ ನುಂಗುವಂತಿಲ್ಲ, ಕೇಳದೆ ನಿಲ್ಲಿಸುವಂತಿಲ್ಲ. ಗಡ್ಡ ಬೋಳಿಸುವಾಗ ನಾನೀಗ ಹುಷಾರು.

ಕೈಗಡಿಯಾರ ಸಾಲದೇ?

“ಅಪ್ಪನ ವಾಚೇ ಹೃದಯ ನೋಡುತ್ತಲ್ಲ, ಚಿಟ್ಟೆ ಯಾಕೆ ಬೇಕಿತ್ತು?” ಎಂದು ಪುಟ್ಟಿ ಕೇಳಿದಳು.

ವಾಚಿನ ಹಿಂಭಾಗದಲ್ಲಿ ಹಸಿರು ಬೆಳಕು ಮಿನುಗುವುದನ್ನು ನೀವು ನೋಡಿರಬಹುದು. ಅದು ವಿದ್ಯುತ್ತನ್ನು ಅಳೆಯುವುದಿಲ್ಲ, ಮಣಿಕಟ್ಟಿನಲ್ಲಿ ಹರಿಯುವ ರಕ್ತದ ಏರಿಳಿತವನ್ನು ಬೆಳಕಿನಿಂದ ನೋಡುತ್ತದೆ. ಅಂದರೆ ಪುಟ್ಟಿಯ ಬೆರಳು ಮಾಡಿದ ಕೆಲಸವನ್ನೇ ಮಾಡುತ್ತದೆ. ಕೆಲವು ವಾಚುಗಳು ಇಸಿಜಿಯನ್ನೂ ತೆಗೆಯುತ್ತವೆ. ಇನ್ನೊಂದು ಕೈಯ ಬೆರಳನ್ನು ಅದರ ಮೇಲಿಟ್ಟು ಮೂವತ್ತು ಸೆಕೆಂಡು ಕೂರಬೇಕು. ಒಕ್ಲಹೋಮಾದ ಡಾ. ಡೇವಿಡ್ ಆಲ್ಬರ್ಟ್ ಮತ್ತು ಅವರ ಅಲೈವ್‌ಕೋರ್ ಕಂಪನಿ ಮೊಬೈಲ್ ಫೋನಿನಲ್ಲಿ ಇಸಿಜಿ ತೆಗೆಯುವುದನ್ನು ತಂದರು, 2012ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. 2018ರಲ್ಲಿ ಆ್ಯಪಲ್ ವಾಚಿಗೂ ಇಸಿಜಿ ಬಂತು.

ವಾಚಿನ ಬಗ್ಗೆ ಒಂದು ದೊಡ್ಡ ಅಧ್ಯಯನ ನಡೆಯಿತು. 4 ಲಕ್ಷ 19 ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ಅವರಲ್ಲಿ ‘ನಾಡಿ ಸರಿಯಿಲ್ಲ’ ಎಂಬ ಸೂಚನೆ ಬಂದದ್ದು 2,161 ಮಂದಿಗೆ ಮಾತ್ರ. ಅಂಥವರ ಎದೆಗೆ ಇಸಿಜಿ ಪಟ್ಟಿ ಹಾಕಿ ನೋಡಿದಾಗ, ಪಟ್ಟಿ ಧರಿಸಿ ಹಿಂತಿರುಗಿಸಿದ 450 ಜನರಲ್ಲಿ ಮೂರರಲ್ಲೊಂದು ಭಾಗದವರಲ್ಲಿ ನನಗಿದ್ದ ದೋಷವೇ ಕಂಡಿತು. ಈ ದೋಷ ಬಂದು ಹೋಗುವಂಥದ್ದು, ಹಾಗಾಗಿ ಉಳಿದವರ ವಾಚು ತಪ್ಪು ಹೇಳಿತು ಎನ್ನಲೂ ಬರುವುದಿಲ್ಲ. ವಾಚು ಬಾಗಿಲು ತಟ್ಟುತ್ತದೆ, ಬಂದವರು ಯಾರೆಂದು ಖಚಿತಪಡಿಸಿಕೊಳ್ಳಲು ಇಸಿಜಿಯೂ ವೈದ್ಯರೂ ಬೇಕು.

ಇನ್ನೊಂದು ಮಾತನ್ನು ಮುಖ್ಯವಾಗಿ ಹೇಳಬೇಕು. ನನ್ನ ಚಿಟ್ಟೆ ಅಪಾಯದ ಗಂಟೆಯಲ್ಲ. ಹನ್ನೊಂದನೇ ರಾತ್ರಿ ಅದು ಎಲ್ಲವನ್ನೂ ಬರೆದುಕೊಂಡಿತೇ ಹೊರತು ಯಾರನ್ನೂ ಕೂಗಿ ಕರೆಯಲಿಲ್ಲ. ಐರಿದಮ್‌ನ ಇನ್ನೊಂದು ಮಾದರಿಯಾದ ಝಿಯೋ ಎಟಿ ಮಾಹಿತಿಯನ್ನು ಆಗಾಗ ದೂರಕ್ಕೆ ಕಳುಹಿಸುತ್ತದೆ. ಆದರೆ ಅದು ಕಳುಹಿಸಬಹುದಾದ ದಾಖಲೆಗಳಿಗೆ ಒಂದು ಮಿತಿಯಿತ್ತು, ಅದನ್ನು ಬಳಕೆದಾರರಿಗೆ ಸರಿಯಾಗಿ ತಿಳಿಸಿಲ್ಲ ಎಂಬುದೂ ಸೇರಿದಂತೆ ಹಲವು ಆಕ್ಷೇಪಗಳನ್ನು ಪಟ್ಟಿ ಮಾಡಿ 2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕಂಪನಿಗೆ ಎಚ್ಚರಿಕೆಯ ಪತ್ರ ಬರೆಯಿತು. ಯಂತ್ರ ಎಷ್ಟೇ ಜಾಣವಾಗಿರಲಿ, ಅದು ಏನು ಮಾಡುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಎದೆ ಹಿಂಡಿದಂತೆ ನೋವು, ಉಸಿರುಕಟ್ಟುವುದು, ತಲೆತಿರುಗಿ ಬೀಳುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಇವಕ್ಕೆ ವಾಚೂ ಬೇಡ, ಪಟ್ಟಿಯೂ ಬೇಡ. ಇಲ್ಲಿ ನಾವು 911ಕ್ಕೆ ಕರೆ ಮಾಡುತ್ತೇವೆ, ನೀವು ತಡಮಾಡದೆ 108ಕ್ಕೆ ಮಾಡಿ.

ನೀವೂ ಎಣಿಸಿ ನೋಡಿ

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಅಜ್ಜ ಅಜ್ಜಿಯರನ್ನು ಐದು ನಿಮಿಷ ಸುಮ್ಮನೆ ಕೂರಿಸಿ. ಅಂಗೈ ಮೇಲೆ ಮಾಡಿಸಿ, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ನಿಮ್ಮ ತೋರುಬೆರಳು ಮತ್ತು ನಡುಬೆರಳನ್ನು ಮೆಲ್ಲಗಿಡಿ. ಹೆಬ್ಬೆರಳು ಇಡಬೇಡಿ, ಅದಕ್ಕೆ ತನ್ನದೇ ನಾಡಿ ಇದೆ, ನಿಮಗೆ ಗೊಂದಲವಾಗುತ್ತದೆ. ಗಡಿಯಾರ ನೋಡುತ್ತಾ 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಸುಮ್ಮನೆ ಕೂತ ದೊಡ್ಡವರಲ್ಲಿ ಸಾಮಾನ್ಯವಾಗಿ 60ರಿಂದ 100ರೊಳಗೆ ಇರುತ್ತದೆ. ಚಿಕ್ಕ ಮಕ್ಕಳಲ್ಲಿ ಸ್ವಲ್ಪ ಹೆಚ್ಚು. ಸಂಖ್ಯೆಯಷ್ಟೇ ಅಲ್ಲ, ತಾಳವನ್ನೂ ಗಮನಿಸಿ. ಗಡಿಯಾರದಂತೆ ಸಮನಾಗಿದೆಯೇ, ತಪ್ಪಿ ತಪ್ಪಿ ಬಡಿಯುತ್ತದೆಯೇ? ತಪ್ಪುತ್ತಿದೆ ಅನ್ನಿಸಿದರೆ ಗಾಬರಿ ಬೇಡ, ಆದರೆ ಮನೆಯ ದೊಡ್ಡವರಿಗೆ ಹೇಳಿ, ಅವರು ವೈದ್ಯರಿಗೆ ತೋರಿಸಲಿ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಮಾತು. ‘ಮಕ್ಕಳಿಗೆ ಯಾಕೆ ತೊಂದರೆ’ ಎಂದು ನಾವು ಮುಚ್ಚಿಡುತ್ತೇವೆ. ನಾನೂ ಎರಡು ತಿಂಗಳು ಮುಚ್ಚಿಟ್ಟೆ. 270 ಕಿಲೋದ ಯಂತ್ರ ನೂರು ವರ್ಷದಲ್ಲಿ ಚಿಟ್ಟೆಯಷ್ಟಾಗಿ ಎದೆಯ ಮೇಲೆ ಬಂದು ಕೂತಿದೆ. ಆದರೆ ನಾವು ಬಾಯಿಬಿಟ್ಟು ಹೇಳದಿದ್ದರೆ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಪುಟ್ಟಿಯ ಶಾಲೆಯ ಮನೆಕೆಲಸ ಮುಗಿದು ಎಷ್ಟೋ ಕಾಲವಾಯಿತು. ಆದರೂ ಪ್ರತಿ ಭಾನುವಾರ ಬೆಳಿಗ್ಗೆ, ಕರಿಬೇವಿನ ಗಿಡಕ್ಕೆ ನೀರು ಹಾಕಿದ ಮೇಲೆ, ನಾನು ಮೆಟ್ಟಿಲ ಮೇಲೆ ಕೂತು ಕೈ ಚಾಚುತ್ತೇನೆ. ಅವಳು ಎರಡು ಬೆರಳಿಟ್ಟು, ಕಣ್ಣು ಮುಚ್ಚಿ ಎಣಿಸುತ್ತಾಳೆ. ಮೊನ್ನೆ 72 ಬಂತು. ಪುಸ್ತಕದಲ್ಲಿ ಬರೆದುಕೊಂಡು ಪಕ್ಕದಲ್ಲಿ ಒಂದು ಚಿಟ್ಟೆಯ ಚಿತ್ರ ಬಿಡಿಸಿದಳು.